ಹತ್ತನೆಯ ದಿನ ಇಡದ ಹೆಸರು

ಅಥೆನ್ಸಿನ ಕುಂಬಾರಗೇರಿಯಲ್ಲಿ ಲಿಸಾನಿಯಸನ ಮನೆಬಾಗಿಲಿಗೆ ಉಣ್ಣೆಯ ಎಳೆ ಕಟ್ಟಿ ನಲವತ್ತು ದಿನ ಕಳೆದಿತ್ತು. ಹೆಣ್ಣು ಹುಟ್ಟಿದರೆ ಬಾಗಿಲಿಗೆ ಉಣ್ಣೆ ಕಟ್ಟುವುದು, ಹತ್ತನೆಯ ದಿನ ನೆಂಟರಿಷ್ಟರನ್ನು ಕರೆದು ಎಳ್ಳುಂಡೆ ಹಂಚಿ ಹೆಸರಿಡುವುದು, ಆಮೇಲೆ ಉಣ್ಣೆ ಬಿಚ್ಚುವುದು, ಇದು ಎಲ್ಲರ ಮನೆಯ ಪದ್ಧತಿ. ಈ ಮನೆಯ ಉಣ್ಣೆ ಮಾತ್ರ ಧೂಳು ಕುಡಿದು ಕಪ್ಪಾಗಿತ್ತು. ಮಗುವಿಗೆ ಇನ್ನೂ ಹೆಸರಿರಲಿಲ್ಲ.

ಯಾಕೆ ಅಂದರೆ ಅಪ್ಪ ದೊಡ್ಡ ತತ್ವಜ್ಞಾನಿ, ಅದಕ್ಕೆ! ಪ್ರತಿಯೊಂದಕ್ಕೂ ಅದರ ಸ್ವಭಾವದಿಂದಲೇ ಬಂದ ಹೆಸರೊಂದು ಇರುತ್ತದೆ, ಅದನ್ನು ಹುಡುಕಬೇಕೇ ಹೊರತು ಬಾಯಿಗೆ ಬಂದದ್ದನ್ನು ಅಂಟಿಸಬಾರದು ಎಂದು ಅವನು ಸಂತೆಪೇಟೆಯ ಕಂಬಸಾಲಿನಲ್ಲಿ ಹನ್ನೆರಡು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದ. ಹೆಸರೆಂದರೆ ಜನ ಒಪ್ಪಿಕೊಂಡ ರೂಢಿ ಅಷ್ಟೇ ಎನ್ನುವ ಎದುರು ಪಕ್ಷದವರು ಒಂದು ದಿನ ಅವನನ್ನು ಕೆಣಕಿದರು. "ಅದೆಲ್ಲಾ ಇರ್ಲಿ ಮಾರಾಯ, ನಿನ್ನ ಕೂಸಿಗೂ ಅಜ್ಜಿ ಹೆಸರೇ ತಾನೇ ಇಡೋದು?"

"ಖಂಡಿತಾ ಇಲ್ಲ," ಎಂದ ಲಿಸಾನಿಯಸ್, ನೂರು ಜನರ ಮುಂದೆ. "ಮಗು ಎಂಥದ್ದು ಅಂತ ನೋಡಿ, ತಿಳ್ಕೊಂಡು ಇಡ್ತೀನಿ. ಅಲ್ಲೀವರೆಗೂ ಇಡೋದಿಲ್ಲ."

ಅಂದಿನಿಂದ ಮೇಣದ ಹಲಗೆ ಹಿಡಿದು ತೊಟ್ಟಿಲ ಪಕ್ಕ ಕೂತ. ಮಗು ಸೀನಿದರೆ ಬರೆದ, ಅತ್ತರೆ ಬರೆದ. ಎತ್ತಿಕೊಳ್ಳಲು ಮಾತ್ರ ಅವನಿಗೆ ತೋಚಲಿಲ್ಲ. ಎತ್ತಿಕೊಳ್ಳುತ್ತಿದ್ದವಳು ಥ್ರಾಟ್ಟಾ.

ಥ್ರೇಸಿನ ಕಡೆಯಿಂದ ತಂದು ಮಾರಿದ ದಾಸಿಯರೆಲ್ಲ ಈ ಊರಿನಲ್ಲಿ ಥ್ರಾಟ್ಟಾಗಳೇ. ನಿನ್ನ ಹುಟ್ಟುಹೆಸರೇನು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಹೆಸರಿನ ಮೇಲೆ ಅಷ್ಟುದ್ದ ಮಾತಾಡುವ ಯಜಮಾನನೂ ಕೇಳಿರಲಿಲ್ಲ. ಅವಳಿಗೆ ಅದರ ಚಿಂತೆಯೂ ಇರಲಿಲ್ಲ. ಅವಳು ಕಾಪಾಡಿಕೊಂಡಿದ್ದದ್ದು ಬೇರೆಯೇ ಒಂದು ಹೆಸರನ್ನು.

ಇಪ್ಪತ್ತೆರಡು ವರ್ಷದ ಹಿಂದೆ ಅಬ್ದೇರ ಬಂದರಿನಲ್ಲಿ ಅವಳನ್ನು ಒಂದು ಹಡಗಿಗೆ, ನಾಲ್ಕು ವರ್ಷದ ಮಗಳು ಜೀಲಾಳನ್ನು ಇನ್ನೊಂದು ಹಡಗಿಗೆ ಹತ್ತಿಸಿದ್ದರು. ಬದುಕಿರುವವರ ಹೆಸರನ್ನು ದಿನಕ್ಕೊಮ್ಮೆಯಾದರೂ ತಮ್ಮವರೊಬ್ಬರು ಆಡುತ್ತಿರಬೇಕು, ಗೋರಿಯ ಮೇಲೆ ಮೂರು ಸಲ ಕೂಗಿದ ಹೆಸರನ್ನು ಮತ್ತೆ ಬದುಕಿರುವವರಿಗೆ ಆಡಬಾರದು ಎಂಬುದು ಅವಳ ಕಡೆಯವರ ನಂಬಿಕೆ. ಹಾಗಾಗಿ ದಿನಾ ಬೆಳಿಗ್ಗೆ ನೀರು ತರಲು ಹೋದಾಗ ಖಾಲಿ ಕೊಡದ ಬಾಯಿಗೆ ಬಾಯಿಟ್ಟು "ಜೀಲಾ" ಎಂದು ಒಮ್ಮೆ ಹೇಳಿ, ಆಮೇಲೆ ನೀರು ಹಿಡಿಯುತ್ತಿದ್ದಳು. ಮಗಳು ಎಲ್ಲೋ ಬದುಕಿದ್ದಾಳೆ ಎನ್ನುವುದಕ್ಕೆ ಅವಳಲ್ಲಿದ್ದ ಆಧಾರ ಅದೊಂದೇ.

"ಏನೇ ಥ್ರಾಟ್ಟಾ, ನಿಮ್ಮನೆ ಕೂಸನ್ನ ಏನಂತ ಕರೀತೀರೇ? ಏಯ್ ಅಂತಾನಾ?" ಎಂದು ನೀರಿನ ಕಟ್ಟೆಯಲ್ಲಿ ಪಕ್ಕದ ಮನೆಯ ದಾಸಿ ಛೇಡಿಸಿದಳು. "ಮದ್ವೆ ಹೊತ್ತಿಗಾದ್ರೂ ಇಡ್ತಾರಂತಾ?"

"ನಿನ್ನ ಕೊಡ ತುಂಬ್ತು, ಬಾಯಿ ಮುಚ್ಕೊಂಡು ಹೊತ್ಕೊಂಡು ಹೋಗು," ಎಂದಳು ಥ್ರಾಟ್ಟಾ.

ಅದೇ ದಿನ ಮಗು ಎಷ್ಟು ತೂಗಿದರೂ ಸುಮ್ಮನಾಗಲಿಲ್ಲ. ಹತ್ತಿರ ಯಾರೂ ಇರಲಿಲ್ಲ. "ಜೀಲಾ, ಸಾಕು ಕಣೇ ನನ್ನವ್ವ" ಎಂಬ ಮಾತು ಥ್ರಾಟ್ಟಾಳ ಬಾಯಿಂದ ತಾನಾಗಿ ಬಿದ್ದುಹೋಯಿತು. ಕೂಸು ಅಳು ನಿಲ್ಲಿಸಿ, ಕತ್ತು ಹೊರಳಿಸಿ ಅವಳನ್ನೇ ನೋಡಿತು. ಆಮೇಲೆ ಮನೆಯವರು ಆಚೆ ಇದ್ದಾಗಲೆಲ್ಲ ಅವಳು ಹಾಗೇ ಕರೆದಳು, ಮಗು ಹಾಗೇ ತಿರುಗಿತು.

ಅರವತ್ತನೆಯ ದಿನ ಜ್ವರ ಬಂತು. ಎರಡೇ ದಿನ. ಬಾಗಿಲಿನ ಉಣ್ಣೆ ಬಿಚ್ಚುವುದಕ್ಕೂ ಮೊದಲೇ ಮಗು ಹೋಗಿಬಿಟ್ಟಿತು. ಅದರ ಪುಟ್ಟ ದೇಹವನ್ನು ಮಣ್ಣಿನ ಹರವಿಯಲ್ಲಿಟ್ಟು ಊರಬಾಗಿಲ ಆಚೆ ದಾರಿಬದಿಯಲ್ಲಿ ಹೂಳಿದರು. ಲಿಸಾನಿಯಸನ ಹಲಗೆಯಲ್ಲಿ ಬರೆದು ಹೊಡೆದುಹಾಕಿದ ಹನ್ನೊಂದು ಹೆಸರುಗಳಿದ್ದವು.

ಮೂರನೆಯ ದಿನ ಗೋರಿಗೆ ಹಾಲುಜೇನು ಎರೆಯಬೇಕು. ಎರೆಯುವಾಗ ಸತ್ತವರ ಹೆಸರನ್ನು ಮೂರು ಸಲ ಕೂಗಬೇಕು, ಅದನ್ನು ಕೇಳಿ ಅವರು ಬಂದು ಕುಡಿಯುತ್ತಾರೆ. ಹೆಸರು ಕೂಗದೆ ಎರೆದ ಹಾಲು ಯಾವ ದಾರಿಹೋಕ ಪ್ರೇತದ ಪಾಲೋ. ತಾಯಿ ಆರ್ಖಿಪ್ಪೆ ಕೂದಲು ಕತ್ತರಿಸಿಕೊಂಡು, ಹಾಲಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ಒಳಕೋಣೆಯಲ್ಲಿ ಕೂತಿದ್ದಳು. ಎದೆಹಾಲು ಇನ್ನೂ ಬತ್ತಿರಲಿಲ್ಲ, ಮೇಲುಡುಗೆ ಒದ್ದೆಯಾಗಿತ್ತು.

ಲಿಸಾನಿಯಸ್ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ. "ನಮ್ಮಮ್ಮನ ಹೆಸರೇ ಕೂಗೋಣ. ಫಿಲಿನ್ನಾ ಅಂತ."

"ಈಗ ನೆನಪಾಯ್ತಾ ನಿಮಗೆ ನಿಮ್ಮಮ್ಮ!" ಆರ್ಖಿಪ್ಪೆ ಕಿರುಚಿದಳು. "ಆ ಹೆಸರನ್ನ ಅವಳು ಒಂದು ಸಲವಾದ್ರೂ ಕೇಳಿದಾಳಾ? ಯಾರನ್ನೋ ಕರೀತಾರೆ ಅಂತ ಅಲ್ಲೇ ಹಸಿದುಕೊಂಡು ಇರ್ತಾಳೆ ನನ್ನ ಕೂಸು. ಹೋಗಿ ನೀವು, ಕಂಬಸಾಲಿಗೆ ಹೋಗಿ ವಾದ ಮಾಡ್ಕೊಳ್ಳಿ!"

ಊರನ್ನೇ ಮಾತಿನಲ್ಲಿ ಕಟ್ಟಿಹಾಕುತ್ತಿದ್ದವನು ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ.

ಆರ್ಖಿಪ್ಪೆ ಥ್ರಾಟ್ಟಾಳ ಕಡೆ ತಿರುಗಿದಳು. "ನೀನು ಅವಳನ್ನ ಏನೋ ಅಂತ ಕರೀತಿದ್ದೆ. ನಾನು ಹೊರಗಿಂದ ಬರುವಾಗ ಕೇಳಿಸ್ತಿತ್ತು, ಮಾತು ಸರಿಯಾಗಿ ತಿಳೀತಿರ್ಲಿಲ್ಲ. ಅವಳು ತಿರುಗಿ ನೋಡ್ತಿದ್ಲು. ಏನದು, ಹೇಳು."

ಥ್ರಾಟ್ಟಾ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ, ಅದೇನೂ ಇಲ್ಲ ಅಮ್ಮಾವ್ರೇ. ಸುಮ್ನೆ ಜೋಗುಳ."

"ಸುಳ್ಳು ಹೇಳ್ಬೇಡ." ಆರ್ಖಿಪ್ಪೆ ಒಡತಿ, ಹೊಡೆದು ಕೇಳಬಹುದಿತ್ತು. ಆದರೆ ಅವಳು ದಾಸಿಯ ಮಂಡಿ ಹಿಡಿದುಕೊಂಡಳು. "ನಿನ್ನ ಕಾಲಿಗೆ ಬೀಳ್ತೀನಿ ಕಣೇ. ಅವಳಿಗೆ ಗೊತ್ತಿರೋದು ಅದೊಂದೇ. ಅದನ್ನ ಕೊಡು ನನಗೆ."

ಕೊಟ್ಟರೆ ಮೂರು ಸಲ ಗೋರಿಯ ಮೇಲೆ ಕೂಗುತ್ತಾರೆ. ಆಮೇಲೆ ಕೊಡದ ಬಾಯಿಗೆ ಹೇಳಲು ಏನೂ ಉಳಿಯುವುದಿಲ್ಲ. ಇಪ್ಪತ್ತಾರು ವರ್ಷದ ಹೆಂಗಸೊಬ್ಬಳು ಎಲ್ಲೋ ಯಾರದೋ ಮನೆಯಲ್ಲಿ ಹಿಟ್ಟು ನಾದುತ್ತಿದ್ದಾಳು. ಅವಳನ್ನು ತನ್ನ ಕೈಯಾರೆ ಹೂತಹಾಗೆ ಆಗುತ್ತದೆ. ಕೊಡದಿದ್ದರೆ? ತನ್ನ ಕಡೆ ಕತ್ತು ಹೊರಳಿಸಿದ ಆ ಮುಖ ಥ್ರಾಟ್ಟಾಳ ಕಣ್ಣಿಗೆ ಕಟ್ಟಿತು. ಆ ಕೂಸಿಗೆ ಅದು ಗೊತ್ತಾಗಿದ್ದೇ ತನ್ನ ಬಾಯಿಂದ.

"ಜೀಲಾ," ಎಂದಳು ಥ್ರಾಟ್ಟಾ. "ಜೀಲಾ ಅಂತಿದ್ದೆ ಅಮ್ಮಾವ್ರೇ."

ಮಧ್ಯಾಹ್ನ ಮೂವರೂ ಗೋರಿಗೆ ಹೋದರು. ಆರ್ಖಿಪ್ಪೆ ಹಾಲು ಎರೆದಳು. ಕೂಗಬೇಕಾದವನು ಅಪ್ಪ. "ಜೀಲಾ" ಎಂದು ಒಮ್ಮೆ ಕೂಗಿದ. ಎರಡನೆಯ ಸಲ ಕೂಗುವಾಗ ದನಿ ಒಡೆದು ಅಲ್ಲೇ ಕುಸಿದ. ಆರ್ಖಿಪ್ಪೆ ಬಾಯಿ ತೆರೆದಳು, ಬರೀ ಬಿಕ್ಕು ಬಂತು. ಹಾಲು ಮಣ್ಣಿನಲ್ಲಿ ಇಂಗುತ್ತಿತ್ತು. ಪೂರ್ತಿ ಇಂಗುವುದರೊಳಗೆ ಮೂರನೆಯ ಸಲ ಕೂಗಲೇಬೇಕು.

ಥ್ರಾಟ್ಟಾ ಮುಂದೆ ಬಂದು ನೆಲಕ್ಕೆ ಅಂಗೈ ಊರಿ, ಬಂದರಿನಲ್ಲಿ ಆ ದಿನ ಕೂಗಿದಷ್ಟೇ ಜೋರಾಗಿ ಕೂಗಿದಳು. "ಜೀಲಾ!"

ಹಿಂದಿರುಗುವಾಗ ಲಿಸಾನಿಯಸ್ ಥ್ರಾಟ್ಟಾಳ ಪಕ್ಕಕ್ಕೆ ಬಂದು ನಡೆದ. ಆಮೇಲೆ, ಇಷ್ಟು ವರ್ಷದ ಅಭ್ಯಾಸ ಬಿಡಬೇಕಲ್ಲ, ಕೇಳಿಯೇಬಿಟ್ಟ. "ಆ ಮಾತಿಗೆ ನಿಮ್ಮ ಕಡೆ ಅರ್ಥ ಏನು, ಥ್ರಾಟ್ಟಾ?"

"ಅರ್ಥ ಅಂತ ಏನಿಲ್ಲ ಯಜಮಾನ್ರೇ," ಎಂದಳು ಅವಳು. "ಅದು ನನ್ನ ಮಗಳು."

ಅವನು ದಾರಿಯಲ್ಲೇ ನಿಂತ. ಅವಳು ನಿಲ್ಲಲಿಲ್ಲ, ಮನೆಯಲ್ಲಿ ಒಲೆ ಹಚ್ಚುವುದಿತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ನೀರಿನ ಕಟ್ಟೆಗೆ ಹೋದಳು. ಖಾಲಿ ಕೊಡದ ಬಾಯಿಗೆ ಬಾಯಿ ತಂದಳು, ತುಟಿ ಬಿಚ್ಚಿದಳು. ಹಿಂದೆ ಸಾಲಿನಲ್ಲಿದ್ದವರು "ಬೇಗ ಹಿಡಿಯೇ" ಎಂದು ಗದರಿದರು. ಥ್ರಾಟ್ಟಾ ತುಟಿ ಮುಚ್ಚಿಕೊಂಡು ಕೊಡವನ್ನು ನೀರಿಗೆ ಒಡ್ಡಿದಳು.