ಐನಾರನ ಗೋಡೆ ಉಸಿರಾಡಿತು

ಆಸ್ತಾಳ ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ಮಲಗುವ ಕೋಣೆಯ ಗೋಡೆ ಬೇಸಿಗೆಯಲ್ಲೂ ಒದ್ದೆ, ಮೂಲೆಯಲ್ಲಿ ಕಪ್ಪು ಬೂಷ್ಟು. ನಮ್ಮದು ಡೆನ್ಮಾರ್ಕಿನ ಒಂದು ಪುಟ್ಟ ದ್ವೀಪ. ಹಳೆಯ ಮನೆ ಇದ್ದವರಿಗೆಲ್ಲ ಈ ಮುಗ್ಗಲು ವಾಸನೆ ಗೊತ್ತು.

ಅವಳ ಗಂಡ ಐನಾರ್ ಹಡಗಿನ ಅಡುಗೆಯವನು. ಒಳ್ಳೆಯವನೇ, ಆದರೆ ಒಂದು ವಿಷಯ ತಲೆಗೆ ಹೊಕ್ಕರೆ ಮುಗಿಯಿತು. "ಈ ಮುದಿ ಮನೆ ನಿನ್ನ ಎದೆ ತಿಂದುಬಿಡುತ್ತೆ. ಕೆಡವಿ ಹೊಸದು ಕಟ್ಟೋಣ" ಎಂದ.

ಆಸ್ತಾ ಹುಟ್ಟಿದ್ದೇ ಆ ಮನೆಯಲ್ಲಿ. "ಕೆಮ್ಮಿದ್ರೆ ಇರ್ಲಿ, ಮನೆ ಬೇಕು" ಎಂದು ಅತ್ತಳು. ಐನಾರ್ ಕೇಳಲಿಲ್ಲ. ಜೆಸಿಬಿಗೆ ಫೋನ್ ಮಾಡಿಯೇಬಿಟ್ಟ.

ಅಲ್ಲೇ ಅವನು ಎಡವಿದ್ದು. ನಮ್ಮ ದ್ವೀಪದಲ್ಲಿ ಜೆಸಿಬಿ ಓಡಿಸುವವನು ಹೊಲ್ಗರ್ ಒಬ್ಬನೇ. ಹೊಲ್ಗರನ ಹೆಂಡತಿ ತೋರಾ!

ಹಳೆಯ ಮನೆಗಳನ್ನು ಉಳಿಸುವುದೇ ತೋರಾಳ ಬದುಕು. ಆಕೆ ಹುಡುಗಿಯಾಗಿದ್ದಾಗ ಬಂದರಿನ ಬಳಿ ಒಂದು ಮನೆ ಕೆಡವಲು ಯಂತ್ರ ಬಂತು. ಈಕೆ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ, ಕಾಫಿ ಕುಡಿಯುತ್ತ ಕೂತಳು. ಏಳು ಎಂದರೆ ಏಳಲಿಲ್ಲ. ಕೊನೆಗೆ ಡ್ರೈವರ್ ಹೊಲ್ಗರನೇ ಇಳಿದು ಬಂದು, "ನಂಗೂ ಒಂದು ಕಪ್ ಕೊಡು" ಎಂದ. ಆ ಮನೆಯೂ ಉಳಿಯಿತು, ಇವರ ಮದುವೆಯೂ ಆಯಿತು. ಆಮೇಲೆ ನಮ್ಮ ಬೀದಿಯ ಎಷ್ಟೋ ಮನೆಗಳು ಆಕೆಯಿಂದಲೇ ಬದುಕಿಕೊಂಡವು. ನನ್ನದೂ ಅದರಲ್ಲೊಂದು. ಹಾಗಾಗಿ ನಾನು ತೋರಾಳ ಪಕ್ಷ, ಮುಚ್ಚುಮರೆ ಏಕೆ?

ಜೆಸಿಬಿ ಬಂತು, ನೋಡಲು ನಾನೂ ಹೋದೆ. ಹೊಲ್ಗರನ ಪಕ್ಕದಲ್ಲೇ ತೋರಾ, ಮಡಿಲಲ್ಲಿ ದಾಲ್ಚಿನ್ನಿ ಬನ್ನಿನ ಬುಟ್ಟಿ.

"ನಿನ್ನನ್ನ ಯಾರು ಕರೆದ್ರು ಮಾರಾಯ್ತಿ?" ಐನಾರ್ ಸಿಡುಕಿದ.

"ನನ್ನ ಗಂಡ ಒಬ್ಬನೇ ಹೊರಟ್ರೆ ದಾರಿ ತಪ್ತಾನೆ" ಎನ್ನುತ್ತ ತೋರಾ ಇಳಿದು ಗೋಡೆಗೆ ಅಂಗೈ ಇಟ್ಟಳು. "ಇದಕ್ಕೆ ಏನು ಬಳಿದಿದ್ದೀಯ?"

"ಪ್ಲಾಸ್ಟಿಕ್ ಪೇಂಟು. ಪ್ರತಿ ವಸಂತದಲ್ಲೂ ಪೆಂಟೆಕೋಸ್ಟ್ ಹಬ್ಬಕ್ಕೆ ಸುಣ್ಣ ಬಳಿದು ಸೊಂಟ ಬಿದ್ದುಹೋಗಿತ್ತು. ಇದಾದ್ರೆ ಒಂದ್ಸಲ ಬಳಿದ್ರೆ ಸಾಕು ಅಂದ್ರು."

"ಬುಡದಲ್ಲಿ ಈ ಸಿಮೆಂಟು?"

"ನೀರು ಒಳಗೆ ಬರದಿರ್ಲಿ ಅಂತ ನಾನೇ ಹಾಕಿದ್ದು."

"ಅಲ್ಲ ಐನಾರ್, ರಬ್ಬರ್ ಕೋಟು ಹಾಕ್ಕೊಂಡು ದಿನವಿಡೀ ದುಡಿದ್ರೆ ಒಳಗಿನ ಅಂಗಿ ಏನಾಗುತ್ತೆ?"

"ಬೆವರಲ್ಲಿ ತೊಯ್ದು ತೊಪ್ಪೆಯಾಗುತ್ತೆ."

"ಗೋಡೆಗೂ ಅದೇ ಕೋಟು ಹಾಕಿದ್ದೀಯ, ಅದೂ ಬಿಚ್ಚೋಕಾಗದ ಹಾಗೆ. ಇದು ಮಣ್ಣು, ಸುಣ್ಣದ ಗೋಡೆ. ಒದ್ದೆ ಆಗುತ್ತೆ, ಗಾಳಿಗೆ ತಾನೇ ಒಣಗುತ್ತೆ. ಸುಣ್ಣ ಬಳಿದ್ರೆ ಉಸಿರಾಡುತ್ತೆ. ನೀನು ಅದರ ಮೂಗು, ಬಾಯಿ ಎರಡೂ ಮುಚ್ಚಿಬಿಟ್ಟಿದ್ದೀಯ."

"ಮತ್ತೆ ಗೋಡೆಯ ಮರದ ಕಂಬ ಕೊಳೆತಿದೆಯಲ್ಲ?"

ತೋರಾ ಕಂಬಗಳನ್ನು ಒಂದೊಂದಾಗಿ ತಟ್ಟಿ ಕೇಳಿದಳು. "ಈ ಒಂದರ ಬುಡ ಮಾತ್ರ ಹೋಗಿದೆ. ಅಷ್ಟನ್ನ ಕತ್ತರಿಸಿ ಓಕ್ ಮರದ ತುಂಡು ಕೂಡಿಸಿದ್ರಾಯ್ತು. ಹಲ್ಲುನೋವು ಅಂತ ತಲೆ ತೆಗೆಸ್ತೀಯಾ ನೀನು?"

ಚಾಕು ತೆಗೆದು ಪೇಂಟಿನ ಅಂಚು ಎಬ್ಬಿಸಿದಳು. ಹಾಲಿನ ಕೆನೆಯಂತೆ ಪೇಂಟು ಎದ್ದು ಬಂತು. ಹಿಂದಿನಿಂದ ನೀರು ಸಣ್ಣಗೆ ಇಳಿಯಿತು. ಐನಾರ್ ಬೆರಳಿನಿಂದ ಆ ನೀರನ್ನು ಮುಟ್ಟಿ ನೋಡಿದ. ಆಸ್ತಾ ಓಡಿಬಂದು ಇನ್ನೊಂದು ಪಟ್ಟಿ ಎಳೆದಳು, ಕೆಮ್ಮುತ್ತಲೇ ನಕ್ಕಳು.

"ನಾನು ಡೀಸೆಲ್ ಸುಟ್ಕೊಂಡು ಬಂದಿದ್ದೀನಪ್ಪ. ಏನಾದ್ರೂ ಒಡೀಲೇಬೇಕಲ್ಲ?" ಎಂದ ಹೊಲ್ಗರ್.

ಐನಾರ್ ಹೆಂಡತಿಯ ಮುಖ ನೋಡಿದ. "ಸಿಮೆಂಟ್ ಒಡಿ" ಎಂದ.

ಎಲ್ಲರಿಗೂ ಬನ್ನು ಸಿಕ್ಕಿತು, ನನಗೆ ಎರಡು.

ಪೇಂಟೆಲ್ಲ ಕೆರೆದು, ಕಂಬದ ಬುಡ ಸರಿಮಾಡಿ, ಗೋಡೆಯನ್ನು ಬೇಸಿಗೆಯೆಲ್ಲ ಒಣಗಲು ಬಿಟ್ಟರು. ಒಣಗುವುದು ನಿಧಾನ, ಅವಸರ ಮಾಡಬಾರದು. ಚಳಿಗಾಲ ಕಳೆದು, ಈ ಪೆಂಟೆಕೋಸ್ಟಿಗೆ ಐನಾರ್ ಏಣಿ ಹತ್ತಿ ಹಳದಿ ಸುಣ್ಣ ಬಳಿದ. ಮೂಗಿನ ಮೇಲೂ ಸುಣ್ಣ. ಮೊದಲು ಕೆಮ್ಮು ಕೇಳುತ್ತಿದ್ದ ಅದೇ ಕಿಟಕಿಯಿಂದ ಆಸ್ತಾಳ ಗಂಟೆಯಂಥ ದನಿ ಬೀದಿಗೆಲ್ಲ ಕೇಳಿತು: "ಲೋ, ಕನ್ನಡಕ ಹಾಕ್ಕೊಳ್ಳೋ! ಸುಣ್ಣ ಕಣ್ಣಿಗೆ ಬಿದ್ರೆ ಏನ್ ಮಾಡ್ತೀಯ?" ಅಂಥ ಸಿಹಿಯಾದ ಬೈಗುಳವನ್ನು ನಾನು ಕೇಳಿಯೇ ಇಲ್ಲ.

ನಿಮ್ಮ ಹಳೆಯ ಮನೆಯ ಗೋಡೆಯೂ ಒದ್ದೆಯಾಗಿದೆಯೇ? ಅಂಗೈ ಇಟ್ಟು ನೋಡಿ. ಮಣ್ಣು, ಸುಣ್ಣದ ಗೋಡೆಗೆ ಪ್ಲಾಸ್ಟಿಕ್ ಪೇಂಟು, ಸಿಮೆಂಟು ಮೆತ್ತಬೇಡಿ. ಮೆತ್ತಿದ್ದರೆ ಬಲ್ಲವರಿಗೆ ತೋರಿಸಿ ತೆಗೆಸಿ, ಒಣಗಲು ಬಿಡಿ, ಸುಣ್ಣ ಬಳಿಯಿರಿ. ಜೆಸಿಬಿಗೆ ಫೋನ್ ಮಾಡುವ ಮುಂಚೆ ನಿಮ್ಮೂರಿನ ತೋರಾಳನ್ನು ಒಂದು ಕಪ್ ಕಾಫಿಗೆ ಕರೆಯಿರಿ.