ಕಳಕವ್ವನ ಕುಂಚಿಯ ಬ್ಯಾಕಪ್ಪು

ಲ್ಯಾಪ್‌ಟಾಪಿನ ಕಸೂತಿ ಪ್ರೋಗ್ರಾಮು ತೆರೆದುಕೊಂಡಿತು, ಆದರೆ ಒಂದು ವರ್ಷ ಹಿಂದಕ್ಕೆ ಹೋಗಿ ತೆರೆದುಕೊಂಡಿತು. ಆಸಿಫಾ ಪರದೆಯನ್ನು ಮೇಲಿಂದ ಕೆಳಗೆ ಜಾಲಾಡಿದಳು. ಹೋದ ವರ್ಷದ ಯುಗಾದಿಯವರೆಗಿನ ದಾರದ ಲಡಿಗಳು, ಬಣ್ಣದ ನಂಬರುಗಳು, ನಕ್ಷೆಗಳು ಎಲ್ಲ ಇದ್ದವು. ಅದರಾಚೆಗೆ ಬಿಳಿ ಬಯಲು. ಕಳಕವ್ವನ ಕುಂಚಿ ಇರಲಿಲ್ಲ.

ಕಳಕವ್ವ ಮಾತ್ರ ಇದ್ದಳು. ಹೊಳೆಮಣ್ಣೂರಿನಿಂದ ಬೆಳಗಿನ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಬಂದವಳು, ಕೆಂಪು ಖಣದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸಿಫಾಳ ಬೆನ್ನ ಹಿಂದೆಯೇ ಚಾಪೆಯ ಮೇಲೆ ಕೂತಿದ್ದಳು.

"ಏನಾತವಾ? ನನ್ನ ಆನಿ ಸಿಕ್ಕಿತೇನ?"

"ಹುಡಕಾಕತ್ತೀನಿ ಅಮ್ಮಾ."

"ಆನಿ ಹುಡಕಾಕ ಇಷ್ಟೊತ್ತ ಬೇಕೇನ? ಸಣ್ಣ ಪ್ರಾಣಿ ಅಲ್ಲಲ್ಲ ಅದು."

ಆಸಿಫಾ ನಗಲಿಲ್ಲ. ಕುಂಚಿ ಎಂದರೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಕಸೂತಿ ಟೊಪ್ಪಿಗೆ. ಕಳಕವ್ವ ಮೊದಲ ಬಸಿರಿನಲ್ಲಿ ಕಸೂತಿ ಹಾಕಿದ ಕುಂಚಿಯಲ್ಲಿ ಅಂಬಾರಿ ಹೊತ್ತ ಆನೆಯೊಂದು ನೆತ್ತಿಯಿಂದ ಬೆನ್ನಿಗೆ ಇಳಿಯುತ್ತಿತ್ತು. ಮಕ್ಕಳು ಮೊಮ್ಮಕ್ಕಳೆಲ್ಲ ಅದನ್ನೇ ತೊಟ್ಟು ತೊಟ್ಟಿಲೇರಿದ್ದರು. ಆಮೇಲೆ ಹೋದ ಮಳೆಗಾಲದಲ್ಲಿ ಮಲಪ್ರಭೆ ಉಕ್ಕಿ ಮನೆಯೊಳಗೆ ಬಂದಳು. ಟ್ರಂಕಿನ ಸಮೇತ ಕುಂಚಿಯನ್ನು ಒಯ್ದಳು. ಆ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಆಸಿಫಾ ಹೊಳೆಮಣ್ಣೂರಿಗೆ ಹೋಗಿ, ಭೂತಗನ್ನಡಿ ಹಿಡಿದು, ಒಂದೊಂದು ಹೊಲಿಗೆಯನ್ನೂ ಎಣಿಸಿ ಚೌಕಗಳಲ್ಲಿ ತುಂಬಿಕೊಂಡು ಬಂದಿದ್ದಳು. ಹೀಗಾಗಿ ಆನೆ ಹೊಳೆಯಲ್ಲಿ ಹೋದರೂ ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು. ಈಗ ಮೊಮ್ಮಗಳು ಉಮಾ ಹೆತ್ತಿದ್ದಾಳೆ. ಇನ್ನೊಂದು ವಾರಕ್ಕೆ ತೊಟ್ಟಿಲ ಶಾಸ್ತ್ರ. ಅಷ್ಟರೊಳಗೆ ಅದೇ ಆನೆಯ ಹೊಸ ಕುಂಚಿ ಆಗಬೇಕು.

"ನಿಮಗ ನೆನಪ ಇಲ್ಲೇನ್ರಿ, ಎಷ್ಟೆಷ್ಟು ಹೊಲಿಗಿ ಅಂತ?" ಎಂದು ಆಸಿಫಾ ಕೇಳಿದಳು. ಕೇಳುವಾಗಲೇ ತನ್ನ ದನಿ ಬೇಡುತ್ತಿದೆ ಅನ್ನಿಸಿತು.

"ಕೈಗೆ ಗೊತ್ತಿತ್ತ ಯವ್ವಾ, ನನಗ ಗೊತ್ತಿರಲಿಲ್ಲ. ಈಗ ಕೈ ನಡಗತಾವ, ಅವಕ್ಕೂ ಮರತೈತಿ."

ತಪ್ಪು ಯಾರ ತಲೆಗೆ ಬರುತ್ತದೆಂದು ಆಸಿಫಾಳಿಗೆ ಗೊತ್ತಿತ್ತು. ಗಜೇಂದ್ರಗಡ, ರೋಣ, ನರಗುಂದದ ಕಸೂತಿ ಹುಚ್ಚಿನ ಹೆಂಗಸರನ್ನೆಲ್ಲ ಕಾಡಿ ಬೇಡಿ, ಯಾರ ಡಬ್ಬಿಯಲ್ಲಿ ಯಾವ ದಾರ ಮಿಕ್ಕಿದೆ, ಯಾರ ಹತ್ತಿರ ಯಾವ ನಕ್ಷೆ ಇದೆ ಎಂದು ಈ ಪ್ರೋಗ್ರಾಮಿಗೆ ತುಂಬಿಸಿದವಳು ಅವಳೇ. "ಕಾಗದ ಹರೀತಾವ, ತಲಿ ಮರೀತಾವ, ಇದು ಎರಡೂ ಮಾಡಂಗಿಲ್ಲ" ಎಂದು ಭಾಷಣ ಬಿಗಿದವಳೂ ಅವಳೇ. ಅಷ್ಟು ಬಿಗಿಯಬಾರದಿತ್ತು.

ರೋಣದಿಂದ ಸುಧಾರಾಣಿ ತನ್ನ ಲ್ಯಾಪ್‌ಟಾಪು ಹೆಗಲಿಗೇರಿಸಿಕೊಂಡು ಬಂದಾಗ ಮಧ್ಯಾಹ್ನವಾಗಿತ್ತು. ಕಾಲೇಜಿನ ದಿನಗಳ ಗೆಳತಿ. ಈ ದಾರದ ಬಳಗ ಕಟ್ಟುವಾಗ ಜೊತೆಗಿದ್ದವಳು. ಚಪ್ಪಲಿ ಬಿಡುತ್ತಲೇ ಶುರುಮಾಡಿದಳು.

"ಏನೂ ಮುಟ್ಟಿಲ್ಲ ಹೌದಿಲ್ಲೋ?"

"ತೆರದು ನೋಡೀನಿ ಅಷ್ಟ."

"ನೋಡಿದ್ದು ಸಾಕು. ಹೊಸಾದೇನೂ ಬರೀಬ್ಯಾಡ, ಅಳಸಬ್ಯಾಡ. ಮೊದಲ ಕೆಟ್ಟಿದ್ದನ್ನ ಕೆಟ್ಟಂಗ ಕಾಪಿ ಮಾಡೋಣ."

"ಕೆಟ್ಟಿದ್ದನ್ನ ಯಾಕ ಕಾಪಿ ಮಾಡತೀರಿ?" ಎಂದಳು ಕಳಕವ್ವ.

"ರಿಪೇರಿ ಮಾಡಾಕ ಹೋಗಿ ಇನ್ನಷ್ಟು ಕೆಡಸಿದ್ವಿ ಅಂದ್ರ, ಮೊದಲಿನ ಕೆಟ್ಟಿದ್ದರ ಇರ್ಲಿ ಅಂತ್ರಿ."

"ನಮ್ಮ ದವಾಖಾನಿ ಡಾಕ್ಟರಗ ಈ ಬುದ್ಧಿ ಇದ್ದಿದ್ರ ನನ್ನ ಮಣಕಾಲ ಚಲೋ ಇರತಿತ್ತ."

ಫೋಲ್ಡರು ಪೂರ್ತಿ ಸುಧಾರಾಣಿಯ ಲ್ಯಾಪ್‌ಟಾಪಿಗೆ ಇಳಿಯಿತು. ಆಮೇಲೆ ಇಬ್ಬರೂ ಬ್ಯಾಕಪ್ ಇರುವ ಜಾಗ ನೋಡಿದರು. ಅಲ್ಲಿ ಒಂದೇ ಒಂದು ಪ್ರತಿ. ಅದರ ತಾರೀಖೂ ಹೋದ ಯುಗಾದಿಯದೇ.

"ಪ್ರೋಗ್ರಾಮ್ ಮುಚ್ಚಿದಾಗೊಮ್ಮೆ ತಾನ ಬ್ಯಾಕಪ್ ತಗೋತದ ಅಂತ ಇಲ್ಲಿ ಬರದಾರ," ಎಂದು ಸುಧಾರಾಣಿ ಮೊಬೈಲಿನಲ್ಲಿ ಸಹಾಯದ ಪುಟ ಓದುತ್ತ ಕಣ್ಣು ಮೇಲೆತ್ತಿದಳು. "ಲೇ, ನೀ ಇದನ್ನ ಮುಚ್ಚೇ ಇಲ್ಲೇನ?"

ಆಸಿಫಾ ಮುಚ್ಚಿರಲಿಲ್ಲ. ಅರ್ಧಕ್ಕೆ ನಿಂತ ಕಸೂತಿಯಿಂದ ಸೂಜಿ ತೆಗೆಯಬಾರದು. ಬಟ್ಟೆಯಲ್ಲೇ ಚುಚ್ಚಿಟ್ಟು ಮಡಚಬೇಕು. ತೆಗೆದರೆ ಕೆಲಸ ಮುನಿಸಿಕೊಂಡು ಅಲ್ಲೇ ನಿಲ್ಲುತ್ತದೆ. ಸೂಜಿ ಹಿಡಿದ ದಿನದಿಂದ ಅವಳು ಹಾಗೆಯೇ ನಡೆದುಕೊಂಡವಳು. ಕುಂಚಿಯ ನಕ್ಷೆ ತುಂಬಲು ಕೂತಂದಿನಿಂದ ಪ್ರೋಗ್ರಾಮಿಗೂ ಅದೇ ರೀತಿ ಅಭ್ಯಾಸವಾಗಿಬಿಟ್ಟಿತ್ತು. ಮುಗಿಯದ ನಕ್ಷೆ ಯಾವಾಗಲೂ ಒಂದಲ್ಲ ಒಂದು ಇದ್ದೇ ಇರುತ್ತಿತ್ತು. ಲ್ಯಾಪ್‌ಟಾಪಿನ ಮುಚ್ಚಳ ಹಾಕುವಳು, ಮರುದಿನ ತೆಗೆಯುವಳು. ಮೂಲೆಯಲ್ಲಿ ಮುಚ್ಚಲು ಇರುವ ಕತ್ತರಿ ಗುರುತನ್ನು ಒತ್ತಿದವಳೇ ಅಲ್ಲ. ನಿನ್ನೆ ಅದು ಜಾಮಾಗಿ, ಗಂಡ ರಿಯಾಜ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದ್ದೇ ಮೊದಲು.

ಹೇಳಿದಾಗ ಸುಧಾರಾಣಿ ಹಣೆ ಹಣೆ ಬಡಿದುಕೊಂಡಳು. "ಬಿ.ಕಾಂ. ಪಾಸಾದಾಕಿ!"

"ಸೂಜಿ ತಗೀಲಿಲ್ಲ ಅಂದ್ರ ಚಲೋನ ಮಾಡ್ಯಾಳ," ಎಂದು ಕಳಕವ್ವ ಆಸಿಫಾಳ ಪರ ನಿಂತಳು.

"ಇದು ಅರಿವಿ ಅಲ್ಲರಿ, ಕಂಪ್ಯೂಟರ್!"

"ಹೆಸರ ಏನರ ಇರ್ಲಿ. ಇಕಿ ದಿನಾ ನೋಡತಿದ್ಲೋ ಇಲ್ಲೋ ನನ್ನ ಆನೀನ?"

ಆಸಿಫಾ ತಟ್ಟನೆ ತಿರುಗಿದಳು. ಹೌದು, ದಿನಾ ನೋಡುತ್ತಿದ್ದಳು. ಮೊನ್ನೆ ಕೂಡ ನೋಡಿದ್ದಳು. ಬ್ಯಾಕಪ್ ಆಗಿಲ್ಲ ಸರಿ, ಆದರೆ ಮುಚ್ಚದ ಒಂದು ವರ್ಷವನ್ನು ಈ ಪ್ರೋಗ್ರಾಮು ಎಲ್ಲಿ ಇಟ್ಟುಕೊಂಡು ತೋರಿಸುತ್ತಿತ್ತು?

"ಸುಧಾ, ಓದು. ಮುಚ್ಚೋತನಕಾ ಎಲ್ಲಿ ಇಡತದ ಅಂತ ಓದು."

ಸುಧಾರಾಣಿ ಬೆರಳು ಜಾರಿಸಿದಳು, ನಿಲ್ಲಿಸಿದಳು, ಮತ್ತೆ ಜಾರಿಸಿದಳು. "ಇಲ್ಲಿ ಅದ ನೋಡು. ಮುಖ್ಯ ಫೈಲಿನ ಮಗ್ಗಲಕ ಒಂದು ತಾತ್ಕಾಲಿಕ ಫೈಲ್ ಇರತದಂತ. ಹೊಸಾದೆಲ್ಲ ಅದರಾಗ. ಮುಚ್ಚಿದ ಮ್ಯಾಲ ಮುಖ್ಯ ಫೈಲಿಗೆ ಸೇರಸತದಂತ."

ಇಬ್ಬರೂ ಫೋಲ್ಡರಿಗೆ ಮುಗಿಬಿದ್ದರು. ಮುಖ್ಯ ಫೈಲಿತ್ತು. ಮಗ್ಗುಲಲ್ಲಿ ಏನೂ ಇರಲಿಲ್ಲ.

ಆಸಿಫಾ ಫೋನು ಕೈಗೆತ್ತಿಕೊಂಡಳು. ಬಜಾರದ ಸೀರೆ ಅಂಗಡಿಯಲ್ಲಿದ್ದ ರಿಯಾಜ ಎತ್ತಿದ. ಎಲ್ಲರಿಗೂ ಕೇಳುವಂತೆ ಅವಳು ಸ್ಪೀಕರ್ ಹಾಕಿದಳು.

"ನಿನ್ನೆ ಲ್ಯಾಪ್‌ಟಾಪಿನಾಗ ಏನರ ಅಳಿಸೀಯೇನ?"

"ನಾನಽ? ಏನಿಲ್ಲ. ದಾವತ್ ವಿಡಿಯೋ ಹಾಕಬೇಕಾಗಿತ್ತ, ಜಾಗಾ ಇರಲಿಲ್ಲ. ದೊಡ್ಡದೊಂದು ಫೈಲ್ ಇತ್ತ, ಅದನ್ನ ತಗದೆ."

"ನನ್ನ ಫೋಲ್ಡರನಾಗಿಂದ?"

"ಅದರ ಹೆಸರಿನಾಗ ಟೆಂಪರರಿ ಅಂತಿತ್ತ ಮಾರಾಯ್ತಿ! ಟೆಂಪರರಿ ಅಂದ್ರ ಹೋಗೋದ ಅಲ್ಲೇನ? ಮತ್ತ ತಗದ್ರೂ ಜಾಗಾ ಏನ ಆಗಲಿಲ್ಲ. ಹಾಳ ಕಂಪ್ಯೂಟರ್ ಅದು."

ಆಸಿಫಾ ಸುಧಾರಾಣಿಯ ಮುಖ ನೋಡಿದಳು. ಸುಧಾರಾಣಿ ಅವಳ ಮುಖ ನೋಡಿದಳು. ತೆಗೆದರೂ ಜಾಗ ಆಗಲಿಲ್ಲ ಎಂದರೆ ಹೋದದ್ದು ಪೂರ್ತಿ ಹೋಗಿಲ್ಲ.

"ರಿಯಾಜ. ಕಸದ ಬುಟ್ಟಿ ಖಾಲಿ ಮಾಡೀಯೇನ?"

"ಯಾವ ಬುಟ್ಟಿ? ಅದು ಮುಂಜಾನಿ ಗಾಡಿ ಬಂದಾಗ..."

"ಮನಿ ಬುಟ್ಟಿ ಅಲ್ಲೋ! ಕಂಪ್ಯೂಟರಿಂದು!"

"ಓ, ಅದಾ. ಅದನ್ನೂ ಖಾಲಿ ಮಾಡಬೇಕೇನ? ಬೈಬ್ಯಾಡ, ಬಂದು ಮಾಡತೀನಿ."

"ನೀ ಏನೂ ಮಾಡಬ್ಯಾಡ! ಬರೋವಾಗ ಜಿಲೇಬಿ ತಗೊಂಡ ಬಾ!"

ಫೋನು ಚಾಪೆಯ ಮೇಲೆ ಬಿತ್ತು. ಬುಟ್ಟಿಯೊಳಗೆ, ಹಾಳುಮೂಳು ಚಿತ್ರಗಳ ನಡುವೆ, ಆ ದೊಡ್ಡ ಫೈಲು ಕೂತಿತ್ತು. ಆಸಿಫಾಳ ಬೆರಳು 'ಹಿಂದಿರುಗಿಸು' ಎಂಬಲ್ಲಿಗೆ ಹೋಯಿತು. ಸುಧಾರಾಣಿ ಮಣಿಕಟ್ಟು ಹಿಡಿದಳು.

"ಇಲ್ಲಲ್ಲ. ನನ್ನ ಕಾಪಿ ಮ್ಯಾಲ ಮೊದಲ."

ಫೈಲಿನ ಒಂದು ಪ್ರತಿ ಪೆನ್‌ಡ್ರೈವಿಗೆ ಬಂತು, ಅಲ್ಲಿಂದ ಸುಧಾರಾಣಿಯ ಲ್ಯಾಪ್‌ಟಾಪಿಗೆ, ಮುಖ್ಯ ಫೈಲಿನ ಮಗ್ಗುಲಿಗೆ. ಪ್ರೋಗ್ರಾಮು ತೆರೆಯಲು ಹೊತ್ತು ತೆಗೆದುಕೊಂಡಿತು. ತಿರುಗುವ ಚಕ್ರವನ್ನು ಮೂವರೂ ನೋಡುತ್ತ ಕೂತರು. ಬೀದಿಯಾಚೆಯ ಮಗ್ಗದ ಸದ್ದೊಂದೇ ಕೇಳುತ್ತಿತ್ತು. ಕೊನೆಗೆ ಪರದೆ ಇಂಗ್ಲಿಷಿನಲ್ಲಿ ಕೇಳಿತು: ಮುಗಿಯದ ಕೆಲಸವೊಂದು ಸಿಕ್ಕಿದೆ, ಸೇರಿಸಿಕೊಳ್ಳಲೇ?

ಆಸಿಫಾ ಹೌದು ಎಂದು ಒತ್ತಿದಳು. ಒತ್ತುವಾಗ ಅವಳ ಬಾಯಿಂದಲೂ 'ಹೌದು' ಎಂದು ಜೋರಾಗಿಯೇ ಬಂತು.

ವರ್ಷ ತುಂಬಿಕೊಳ್ಳತೊಡಗಿತು. ಲಡಿಗಳು ಬಂದವು, ಬಣ್ಣಗಳು ಬಂದವು, ಯಾವಗಲ್ ಊರಿನ ಸೆರಗುಗಳು, ಜಕ್ಕಲಿಯ ತೇರು ಗೋಪುರಗಳು ಬಂದವು. ಆಮೇಲೆ ಚೌಕ ಚೌಕವಾಗಿ, ಅಂಬಾರಿಯಿಂದ ಶುರುವಾಗಿ ಸೊಂಡಿಲಿನವರೆಗೆ, ಕಳಕವ್ವನ ಆನೆ ಇಳಿದು ಬಂತು.

"ಬಂತಲ್ಲಲೇ!" ಎಂದು ಸುಧಾರಾಣಿ ಚೀರಿದಳು. ಆಸಿಫಾ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕುಣಿದಳು. ಪಕ್ಕದ ಮನೆಯ ಗುಲ್ಷನ ಕಿಟಕಿಯಲ್ಲಿ ಇಣುಕಿ ಏನಾಯಿತು ಎಂದು ಕೇಳಿದರೂ ನಿಲ್ಲಿಸಲಿಲ್ಲ. ಕಳಕವ್ವ ಪರದೆಗೆ ಮೂಗು ತಾಗುವಷ್ಟು ಬಾಗಿದಳು. ನಡುಗುವ ತೋರುಬೆರಳು ಸೊಂಡಿಲಿನ ಬಳಿ ಗಾಳಿಯಲ್ಲಿ ಮೇಲೆ ಕೆಳಗೆ ಆಡತೊಡಗಿತು. ತುಟಿ ಎಣಿಸುತ್ತಿತ್ತು.

"ಬಂತ ನೋಡ, ಕೈಗೆ ನೆನಪ ಬಂತ," ಎಂದಳು. ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟಳು.

ಆಸಿಫಾ ಈಗ ಯಾರ ಮಾತಿಗೂ ಕಾಯಲಿಲ್ಲ. ತನ್ನ ಲ್ಯಾಪ್‌ಟಾಪಿನಲ್ಲೂ ಫೈಲನ್ನು ಅದರ ಜಾಗಕ್ಕೆ ತಂದಳು, ತೆರೆದಳು, ಆನೆಯನ್ನು ಕಂಡಳು. ಆಮೇಲೆ ಒಂದು ವರ್ಷದಲ್ಲಿ ಮೊದಲ ಬಾರಿಗೆ ಮೂಲೆಯ ಗುರುತನ್ನು ಒತ್ತಿ ಮುಚ್ಚಿದಳು. ಇಂದಿನ ತಾರೀಖಿನ ಬ್ಯಾಕಪ್ಪು ಹುಟ್ಟಿತು. ಅದನ್ನು ಪೆನ್‌ಡ್ರೈವುಗಳಿಗೆ ಹಾಕಿ, ಸುಧಾರಾಣಿಯ ಲ್ಯಾಪ್‌ಟಾಪಿನ ಖಾಲಿ ಫೋಲ್ಡರಿನಲ್ಲಿ ಅದನ್ನೇ ತೆರೆದು, ಆನೆ ಅಲ್ಲೂ ಇದೆ ಎಂದು ಖಾತ್ರಿ ಮಾಡಿಕೊಂಡಳು. ತೆರೆದು ನೋಡದ ಬ್ಯಾಕಪ್ಪನ್ನು ಅವಳು ಇನ್ನು ನಂಬುವವಳಲ್ಲ.

"ಒಂದು ಇಲ್ಲಿರಲಿ, ಒಂದು ರೋಣದಾಗ. ಒಂದು ನಿಮ್ಮ ಹತ್ರ ಇಡತೀರೇನ ಅಮ್ಮಾ?"

"ಹೊಳಿಮಣ್ಣೂರಾಗ? ಬ್ಯಾಡವಾ ತಾಯಿ. ಹೊಳಿ ಅದನ್ನೂ ಒಯ್ದು ನೋಡತದ. ನರಗುಂದಕ್ಕ ಕಳಸ, ಅಲ್ಲಿ ಗುಡ್ಡದ ಬುಡಕ ಇರ್ಲಿ."

ನರಗುಂದಕ್ಕೆ ಹೇಗೂ ಫೋನು ಮಾಡಬೇಕಿತ್ತು. ಆನೆಯ ಪಕ್ಕದ ಪಟ್ಟಿ ಹೇಳುತ್ತಿತ್ತು: ಅಂಬಾರಿಗೆ ಬೇಕಾದ ಗಿಳಿಹಸಿರು ದಾರ ನರಗುಂದದ ಯಾಸ್ಮಿನಳ ಡಬ್ಬಿಯಲ್ಲಿದೆ. ಯಾಸ್ಮಿನ ಡಬ್ಬಿ ತೆಗೆದು ನೋಡಿ, "ಐತಿ ಐತಿ! ನನಗಽ ಗೊತ್ತಿರಲಿಲ್ಲ, ನಿನಗ ಹ್ಯಾಂಗ ಗೊತ್ತಾತ?" ಎಂದಳು. ಆಸಿಫಾ ಗಂಟಲು ಸರಿಮಾಡಿಕೊಂಡು ತನ್ನ ಹಳೆಯ ಭಾಷಣವನ್ನು ಮತ್ತೆ ಶುರುಮಾಡಿದಳು.

ದಾರ ಮರುದಿನ ಬಸ್ಸಿನಲ್ಲಿ ಬಂತು. ಕಳಕವ್ವ ವಾರವೆಲ್ಲ ಆಸಿಫಾಳ ಮನೆಯಲ್ಲೇ ಉಳಿದು ಎಣಿಕೆ ಹೇಳಿದಳು, ತಪ್ಪಿದರೆ ಬೈದಳು. ಬಳಗದ ಉಳಿದವರು ಸರದಿಯ ಮೇಲೆ ಸೂಜಿ ಹಿಡಿದರು. ತೊಟ್ಟಿಲಿನ ದಿನ ಹೊಳೆಮಣ್ಣೂರಿನಲ್ಲಿ ಉಮಾ ಕೂಸಿನ ತಲೆಗೆ ಕೆಂಪು ಕುಂಚಿ ಕಟ್ಟಿದಾಗ ಹೆಂಗಸರೆಲ್ಲ ಮುಂದೆ ಬಾಗಿದರು. ಕೂಸು ಸುತ್ತಲಿನವರನ್ನು ಒಮ್ಮೆ ನೋಡಿತು, ಅಂಚನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಿತು, ಆನೆಯ ಸೊಂಡಿಲನ್ನು ಬಾಯಿಗಿಟ್ಟು ಚೀಪತೊಡಗಿತು.

"ಇವರವ್ವನೂ ಹಿಂಗ ಮಾಡಿದ್ಲು," ಎಂದು ಕಳಕವ್ವ ಊರಿಗೆಲ್ಲ ಕೇಳುವಂತೆ ನಕ್ಕಳು.