ಮೇಜಿನ ಮೇಲೆ ಬಿಟ್ಟ ಪುಸ್ತಕಗಳು

ನಮ್ಮೂರಿನ ಜನರಲ್ ವ್ಯಾನ್ ಹೂಕ್ ಸತ್ತು ಇನ್ನೂರು ವರ್ಷವಾದ ಮೇಲೆ ಹಾಡಲು ಶುರು ಮಾಡಿದ. ನ್ಯೂಯಾರ್ಕಿನ ರಂಗಮಂದಿರದಲ್ಲಿ ದಿನಾ ಕುದುರೆಯೇರಿ ಬಂದು, ಅದರ ಹೆಸರು ಕೂಗಿ ಕೂಗಿ ಸ್ವಾತಂತ್ರ್ಯದ ಮೇಲೆ ಹಾಡುತ್ತಾನೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆ ಸಂಗೀತ ನಾಟಕ ಗೆದ್ದದ್ದೇ ತಡ, ಹಡ್ಸನ್ ನದಿಯ ಪಕ್ಕ ತೂಕಡಿಸಿಕೊಂಡಿದ್ದ ನಮ್ಮೂರನ್ನು ಹಿಡಿಯುವವರೇ ಇಲ್ಲವಾಯಿತು. ಬೇಕರಿಯಲ್ಲಿ ಜನರಲ್ ಹೆಸರಿನ ಡೋನಟ್ ಬಂತು. ಕ್ಷೌರದಂಗಡಿಯ ಬೋರ್ಡಿನ ಮೇಲೆ ಕತ್ತಿ ಮೂಡಿತು. ಲೈಬ್ರರಿಯವರು ‘ಬನ್ನಿ, ನಾಟಕದ ಹಿಂದಿನ ಚರಿತ್ರೆ ಓದಿ’ ಎಂದು ಬ್ಯಾನರ್ ಕಟ್ಟಿದರು.

ನಾಟಕದ ಟಿಕೆಟ್ಟು ನನ್ನಂಥ ಸ್ಕೂಲ್ ಬಸ್ ಡ್ರೈವರನ ಕೈಗೆಟುಕುವಂಥದ್ದಲ್ಲ. ಲೈಬ್ರರಿಯಾದರೋ ಪುಕ್ಕಟೆ. ಕೆಳಗಡೆ ಹೆಡ್‌ಫೋನ್ ಹಾಕಿಕೊಂಡು ನಾಟಕದ ಹಾಡು ಕೇಳಬಹುದು. ಮಹಡಿಯ ಮೇಲೆ ಊರಿನ ಚರಿತ್ರೆಯ ಕೋಣೆ. ಹಳೆಯ ಪತ್ರಿಕೆಗಳು, ನಕ್ಷೆಗಳು, ಯುದ್ಧಕಾಲದ ನೆನಪುಗಳು ಎಲ್ಲ ಅಲ್ಲಿ. ಆ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು.

ನಮ್ಮತ್ತೆ ಆರ್ಡೆಲಿಯಾ ವ್ಯಾನ್ ಹೂಕ್ ರಿಟೈರ್ ಆದ ಟೀಚರು. ನಮ್ಮ ಚರ್ಚಿನ ಮಕ್ಕಳನ್ನು ಗುಡ್ಡೆ ಹಾಕಿಕೊಂಡು ಪ್ರತಿ ಶನಿವಾರ ಅಲ್ಲಿಗೆ ಹೊರಡತೊಡಗಿದಳು. ಸಾಗಿಸುವ ಕೆಲಸ ನನ್ನದು. ಮೊದಲ ದಿನ ಹೆಸರು ಕೇಳಿದ್ದೇ ಲೈಬ್ರರಿಯ ಮುಖ್ಯಸ್ಥೆ ಲೊರೇನ್ ಪ್ರುಯಿಟ್ ಕಣ್ಣರಳಿಸಿದಳು.

“ವ್ಯಾನ್ ಹೂಕ್ ಅಂದ್ರೆ, ಜನರಲ್‌ಗೆ ಸಂಬಂಧಾನಾ ನೀವು?”

“ಹೂಂ ಕಣಮ್ಮ,” ಎಂದಳು ಅತ್ತೆ. “ಅವನ ಅಡುಗೆಮನೆ ಕಡೆಯಿಂದ.”

ನಾವು ಕರಿಯರು. ಯಾರ ಮನೆಯ ಗುಲಾಮರಾಗಿದ್ದೆವೋ ಅವರ ಹೆಸರೇ ನಮಗೆ ಅಂಟಿಕೊಂಡಿದೆ. ಲೊರೇನ್ ನಕ್ಕಳು. ಅದು ನಗುವ ಮಾತಲ್ಲ ಎಂದು ಹೊಳೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅತ್ತೆಗೆ ಬೇಕಿದ್ದದ್ದು ಆ ಕೋಣೆಯ ಒಂದೇ ಪುಸ್ತಕ. ನಮ್ಮಜ್ಜಿ, ಅಂದರೆ ಅತ್ತೆಯ ಅವ್ವ ಜಿಪೋರಾ, ಮನೆಮನೆ ತಿರುಗಿ, ಹಣ್ಣು ಹಣ್ಣು ಮುದುಕರು ತಮ್ಮ ಹಿರಿಯರಿಂದ ಕೇಳಿದ್ದನ್ನೆಲ್ಲ ಕೂಡಿಸಿ ಟೈಪು ಮಾಡಿದ್ದಳು. ಲೈಬ್ರರಿಯವರು ಅದಕ್ಕೆ ರಟ್ಟು ಹಾಕಿಸಿ ಇಟ್ಟುಕೊಂಡಿದ್ದರು. ಇದ್ದದ್ದು ಅದೊಂದೇ ಪ್ರತಿ. ಜೆರಾಕ್ಸ್ ಮಾಡಿಸಿಡೋಣ ಅತ್ತೆ ಎಂದರೆ, “ಲೈಬ್ರರೀಲಿ ಇರೋದಕ್ಕೆ ಏನಾಗತ್ತೋ? ನಿನ್ನ ಮನೇಲಿದ್ರೆ ಅದರ ಮೇಲೆ ಬಿಯರ್ ಬಾಟಲಿ ಇಡ್ತೀಯ,” ಎಂದಳು.

ಆ ಪುಸ್ತಕದ ಪ್ರಕಾರ, ಬ್ರಿಟಿಷರ ಮೇಲೆ ಸ್ವಾತಂತ್ರ್ಯದ ಯುದ್ಧಕ್ಕೆ ಹೊರಟ ಜನರಲ್‌ಗೆ ಒಳ್ಳೆಯ ಕುದುರೆ ಬೇಕಾಯಿತು. ಅವನ ಮನೆಯ ಅಡುಗೆಯವಳಾದ ಗೀಸ್‌ಗೆ ಒಬ್ಬನೇ ಮಗ. ಜನರಲ್ ಆ ಹುಡುಗನನ್ನು ನದಿಯಾಚೆಯ ಸಾಹುಕಾರನಿಗೆ ಕೊಟ್ಟು ಕುದುರೆ ತಂದ. ಅವತ್ತೂ ಗೀಸ್ ಜನರಲ್‌ನ ಪ್ರಯಾಣಕ್ಕೆ ಬ್ರೆಡ್ಡು ಸುಟ್ಟು ಕಟ್ಟಿಕೊಟ್ಟಳು.

ಅತ್ತೆ ಇದನ್ನು ಮಕ್ಕಳಿಗೆ ಓದಿ ಮುಗಿಸಿದಾಗ, ಅವರಲ್ಲಿ ಸದಾ ನಾಟಕದ ಹಾಡು ಗುನುಗುವ ಕಿಯೋನಾ ಕೈ ಎತ್ತಿದಳು.

“ನಾಟಕದಲ್ಲಿ ಏರ್ಕೊಂಡು ಬರ್ತಾನಲ್ಲ, ಅದೇ ಕುದುರೇನಾ ಮಿಸ್ ಆರ್ಡೆಲಿಯಾ?”

“ಅದೇ.”

“ಹಾಡಲ್ಲಿ ಇದು ಬರಲ್ವಲ್ಲ.”

“ಇದನ್ನ ಹಾಡಿದ್ರೆ ಯಾರು ಚಪ್ಪಾಳೆ ತಟ್ತಾರೆ ಮಗಾ?”

ಅಲ್ಲಿಂದ ಮಕ್ಕಳಿಗೆ ಹುಚ್ಚು ಹಿಡಿಯಿತು. ಹುಡುಗನನ್ನು ದಾಟಿಸಿದ ದೋಣಿಗಟ್ಟೆ ಯಾವುದೆಂದು ಹಳೆಯ ನಕ್ಷೆಗಳಲ್ಲಿ ಹುಡುಕಿದರು, ಪತ್ರಿಕೆ ತಿರುವಿ ಹಾಕಿದರು. ಚಳಿಗಾಲವಿಡೀ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಹೊರಡುವಾಗ ಅತ್ತೆಯದು ಮಿಲಿಟರಿ ಶಿಸ್ತು. ತೆಗೆದ ಪುಸ್ತಕ ತೆಗೆದಲ್ಲಿಗೇ ಹೋಗಬೇಕು, ಕುರ್ಚಿ ಒಳಗೆ ತಳ್ಳಬೇಕು. ‘ಓದಿದ ಪುಸ್ತಕಗಳನ್ನು ಮೇಜಿನ ಮೇಲೆಯೇ ಬಿಡಿ’ ಎಂಬ ಬೋರ್ಡನ್ನು ಕಿಯೋನಾ ತೋರಿಸಿದಳು.

“ಅದು ಬೇರೆಯೋರಿಗೆ ಬರೆದಿರೋದು,” ಎಂದಳು ಅತ್ತೆ. “ನಾವು ಬಿಟ್ರೆ ಗಲೀಜು ಮಾಡಿದ್ರು ಅಂತಾರೆ.”

ಅವಳು ಚಿಕ್ಕವಳಿದ್ದಾಗ ನಮ್ಮ ಹುಡುಗನೊಬ್ಬ ಇದೇ ಲೈಬ್ರರಿಯಲ್ಲಿ ಪುಸ್ತಕ ತೆರೆದಿಟ್ಟು ಹೋಗಿದ್ದನಂತೆ. ಅಷ್ಟಕ್ಕೇ ನಮ್ಮ ಮಕ್ಕಳನ್ನೆಲ್ಲ ಬೇಸಿಗೆ ಕಳೆಯುವವರೆಗೆ ಒಳಗೆ ಬಿಡಲಿಲ್ಲ. ಬಂದು ಹೋದ ಗುರುತು ಉಳಿಯಬಾರದು ಎಂದು ಅವಳು ಕಲಿತದ್ದು ಹಾಗೆ.

ವಸಂತದಲ್ಲಿ ಒಂದು ಶನಿವಾರ ಮಹಡಿ ಹತ್ತಿದರೆ ಕಪಾಟುಗಳೇ ಇಲ್ಲ. ಆ ಜಾಗದಲ್ಲಿ ರಟ್ಟಿನ ಜನರಲ್ ರಟ್ಟಿನ ಕುದುರೆಯ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದ. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಜನ ಸಾಲುಗಟ್ಟಿದ್ದರು.

“ಆ ಪುಸ್ತಕಗಳನ್ನ ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ ಮಿಸ್ ವ್ಯಾನ್ ಹೂಕ್,” ಎಂದಳು ಲೊರೇನ್. “ಮುಟ್ಟದೇ ಇರೋದನ್ನ ತೆಗೀಬೇಕು ಅನ್ನೋದು ನಿಯಮ.”

“ಚಳಿಗಾಲ ಪೂರ್ತಿ ನಾವು ಓದಿದ್ವಲ್ಲಮ್ಮ. ನೀನೇ ನೋಡಿದೀಯ.”

“ನೋಡಿದೀನಿ. ಆದ್ರೆ ಲೆಕ್ಕಕ್ಕೆ ಸಿಗಬೇಕಲ್ಲ? ಸಂಜೆ ಮೇಜಿನ ಮೇಲೆ ಬಿಟ್ಟಿರೋ ಪುಸ್ತಕಗಳನ್ನೇ ನಮ್ಮೋರು ಎಣಿಸೋದು. ನಿಮ್ಮ ಮೇಜು ಯಾವಾಗ್ಲೂ ಖಾಲಿ. ಬೋರ್ಡು ಬೇರೆ ಹಾಕಿದ್ವಿ.”

“ನಮ್ಮವ್ವನ ಪುಸ್ತಕ ಎಲ್ಲಿ?”

“ರದ್ದಿ ಲಾರಿ ಕಳೆದ ವಾರಾನೇ ಬಂದು ಹೋಯ್ತು. ನನಗೆ ತುಂಬಾ ಬೇಜಾರಾಗ್ತಿದೆ.”

ನನ್ನ ಸಿಟ್ಟು ನೆತ್ತಿಗೇರಿತು. “ನಿನ್ನ ಬೇಜಾರು ಯಾವ ಕಪಾಟಲ್ಲಿ ಇಡ್ತೀಯ?” ಎಂದೆ. ಅತ್ತೆ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ರದ್ದಿ ಕಾರ್ಖಾನೆಗೂ ಹೋಗಿ ಕೇಳಿದೆ. ಅದೆಲ್ಲ ಯಾವತ್ತೋ ಅರೆದು ಮುದ್ದೆಯಾಗಿತ್ತು.

ಮುಂದಿನ ಶನಿವಾರ ಅತ್ತೆ ಮಕ್ಕಳನ್ನು ಲೈಬ್ರರಿಯೊಳಗೆ ಬಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ತೆಗೆಯಲು ಹೇಳಿದಳು. ಅಡುಗೆ ಪುಸ್ತಕ, ಕಾರ್ ರಿಪೇರಿ ಪುಸ್ತಕ, ನಾಯಿ ಸಾಕುವ ಪುಸ್ತಕ, ಎಲ್ಲ ಮೇಜುಗಳ ಮೇಲೆ ರಾಶಿ ಬಿತ್ತು. “ಬಿಡಿ, ಹಾಗೇ ಬಿಡಿ, ಎಣಿಸ್ಕೊಳ್ಳಲಿ,” ಎನ್ನುತ್ತಿದ್ದಳು. ಅವಳ ಕೈ ಮಾತ್ರ ತಡೆಯದೆ ರಾಶಿಯ ಅಂಚು ಸರಿಪಡಿಸುತ್ತಲೇ ಇತ್ತು. ವಾರ ವಾರವೂ ಇದೇ ಆಯಿತು. ಕೊನೆಗೊಂದು ದಿನ ಊರಿನ ಪತ್ರಿಕೆಯಲ್ಲಿ ಲೊರೇನ್ ಫೋಟೋ ಬಂತು: ಜನ ಹಿಂದೆಂದೂ ಇಲ್ಲದಷ್ಟು ಪುಸ್ತಕ ಓದಿದ್ದಾರೆ, ಇದೆಲ್ಲ ನಾಟಕದ ಪುಣ್ಯ, ಮಕ್ಕಳ ವಿಭಾಗಕ್ಕೂ ಒಬ್ಬ ರಟ್ಟಿನ ಜನರಲ್ ಬರುತ್ತಾನೆ ಎಂದು.

ಅತ್ತೆ ಅದನ್ನು ಓದಿ ಮಡಿಚಿಟ್ಟಳು. ಮಕ್ಕಳನ್ನು ನನ್ನ ಅಡುಗೆಮನೆಯಲ್ಲಿ ಕೂರಿಸಿಕೊಂಡು, ನೆನಪಿದ್ದಷ್ಟನ್ನು ಮತ್ತೆ ಬರೆಯತೊಡಗಿದಳು. ಗೀಸ್ ಬಂದಳು, ಬ್ರೆಡ್ಡು ಬಂತು, ದೋಣಿಗಟ್ಟೆ ಬಂತು. ಹುಡುಗನ ಹೆಸರು ಬರೆಯಬೇಕಾದಲ್ಲಿ ಪೆನ್ನು ನಿಂತಿತು.

“ಟೋಬಿ... ಅಲ್ಲ. ಟೈಟಸ್ ಇರಬೇಕು. ನಿಂಗೆ ನೆನಪಿದೆಯೇನೋ?”

ನನಗೆ ನೆನಪಿರಲಿಲ್ಲ. ಮಕ್ಕಳು ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಸೀಸರ್ ಎಂದಿತು ಒಂದು, ಹ್ಯಾರಿ ಎಂದಿತು ಇನ್ನೊಂದು. ಕಿಯೋನಾ ಕಣ್ಣು ಮುಚ್ಚಿಕೊಂಡು ಹುಡುಕಿದಳು, ಸಿಗಲಿಲ್ಲ.

“ಹೋಗಲಿ,” ಎಂದಳು ಅತ್ತೆ. “ಆ ಕುದುರೆ ಹೆಸರೇನು?”

ಎಲ್ಲ ಮಕ್ಕಳೂ ಒಟ್ಟಿಗೆ ಹೇಳಿದವು.